ವಿಸ್ಕಿ, ವಿಷ ಮತ್ತು ಕಾರೋಣರ ಗ್ಲಾಸು

ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬ ಹತ್ತಿರ ಬಂತೆಂದರೆ ಕೊಡಗಿನಲ್ಲಿ ಮದ್ಯದ ಜಗಳವೂ ಶುರುವಾಗುತ್ತದೆ. ಈಗೀಗ ಎರಡೂ ಕಡೆಯವರು ನಿಘಂಟು ಹಿಡಿದೇ ಬರುತ್ತಾರೆ. ಬಿಡಿ ಎನ್ನುವವರಿಗೂ ಕುಡಿಯಿರಿ ಎನ್ನುವವರಿಗೂ ‘ವಿಸ್ಕಿ’ ಎಂಬ ಪದದ ಹುಟ್ಟೇ ಸಾಕ್ಷಿಯಂತೆ. ಆ ಸಾಕ್ಷಿಯನ್ನೇ ಸ್ವಲ್ಪ ವಿಚಾರಿಸೋಣ.

ಮದ್ಯ ಬಿಡಿ ಎಂದು ವೇದಿಕೆ ಹತ್ತಿದವರ ಮೊದಲ ಮಾತು: ವಿಸ್ಕಿ ಬಂದದ್ದು ‘ವಿಷ’ದಿಂದ. ಪ್ರಾಸ ಚೆನ್ನಾಗಿದೆ, ನಂಟು ಸುಳ್ಳು. ಸಂಸ್ಕೃತದ ವಿಷಕ್ಕೆ ಲ್ಯಾಟಿನ್ನಿನಲ್ಲಿ ಒಬ್ಬ ದಾಯಾದಿ ಇರುವುದು ನಿಜ, ಆದರೆ ಅವನ ಹೆಸರು ವೈರಸ್. ವಿಸ್ಕಿಯ ಮೂಲ ಗೇಲಿಕ್ ಭಾಷೆಯ ‘ಉಶ್ಕೆ ಬೆಹಾ’. ಉಶ್ಕೆ ಎಂದರೆ ನೀರು, ಬೆಹಾ ಎಂದರೆ ಬದುಕು. ಇಂಗ್ಲಿಷರ ಬಾಯಿಗೆ ಬಿದ್ದು ಬದುಕು ಉದುರಿಹೋಯಿತು, ನೀರು ಮಾತ್ರ ಉಳಿಯಿತು. ಹದಿನೆಂಟನೇ ಶತಮಾನದ ಹೊತ್ತಿಗೆ ಅದೇ ವಿಸ್ಕಿ. ಉಶ್ಕೆಯ ಬೇರು ಹಿಡಿದು ಹಿಂದೆ ಹೋದರೆ ಸಂಸ್ಕೃತದ ಉದಕ ಎದುರಾಗುತ್ತದೆ, ಬೆಹಾದ ಬೇರಿನಲ್ಲಿ ಜೀವ. ಇಷ್ಟು ಕೇಳಿದ್ದೇ ‘ಹಾಗಾದರೆ ವಿಸ್ಕಿ ನಮ್ಮದೇ’ ಎಂದು ಏಳುವವರಿದ್ದಾರೆ. ದಯವಿಟ್ಟು ಕೂತುಕೊಳ್ಳಿ. ಅಣ್ಣತಮ್ಮಂದಿರ ಮಕ್ಕಳು ಒಬ್ಬರಿಗೊಬ್ಬರು ಅಪ್ಪ ಆಗುವುದಿಲ್ಲ. ಅಲ್ಲದೆ ಕೊಡವ ತಕ್ಕಿನಲ್ಲಿ ನೀರು ‘ನೀರ್’ ಅಷ್ಟೇ, ಅದು ದ್ರಾವಿಡದ್ದು.

ಇನ್ನು ಗ್ಲಾಸು ಹಿಡಿದವರ ಸರದಿ. ‘ಹೆಸರೇ ಜೀವಜಲ, ಔಷಧಿ. ಕೊಡಗಿನ ಮಳೆಗೆ ಬೇಕೇ ಬೇಕು.’ ಗೇಲಿಕ್ ಹೆಸರು ಲ್ಯಾಟಿನ್ನಿನ ‘ಆಕ್ವಾ ವಿಟೆ’ಯ ಅನುವಾದ. ಬಟ್ಟಿ ಇಳಿಸಿದ್ದನ್ನು ಯುರೋಪಿನಲ್ಲಿ ಮದ್ದೆಂದು ನಂಬಿದ ಕಾಲದ್ದು. 1505ರಲ್ಲಿ ಎಡಿನ್‌ಬರೋದಲ್ಲಿ ಅದನ್ನು ತಯಾರಿಸುವ ಹಕ್ಕು ಸಿಕ್ಕಿದ್ದೂ ಕ್ಷೌರಿಕ ಶಸ್ತ್ರವೈದ್ಯರ ಸಂಘಕ್ಕೆ. ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ಐರ್ಲೆಂಡಿನ ಕ್ಲೊನ್‌ಮಕ್‌ನಾಯ್ಸ್ ವೃತ್ತಾಂತದ 1405ರ ದಾಖಲೆಯನ್ನೂ ಓದಬೇಕು. ಅದರಲ್ಲಿ ಒಬ್ಬ ಪಾಳೆಯಗಾರ ಕ್ರಿಸ್ಮಸ್ ಹಬ್ಬದಲ್ಲಿ ಇದನ್ನೇ ಮಿತಿಮೀರಿ ಕುಡಿದು ಸತ್ತ ಸುದ್ದಿಯಿದೆ. ಅವನ ಪಾಲಿಗೆ ಇದು ಮೃತ್ಯುಜಲವಾಯಿತೆಂದು ಬರೆದವನೇ ಕುಚೋದ್ಯ ಮಾಡಿದ್ದಾನೆ. ಮಳೆಚಳಿಯ ಮಾತೂ ಅಷ್ಟೇ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಮೈ ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ. ಜೀವಜಲವೇ ಬೇಕೆಂದರೆ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥ ಮನೆಯಲ್ಲೇ ಇರುತ್ತದಲ್ಲ. ಆ ದಿನ ಕೊಡವರ ಮನೆಯಲ್ಲಿ ಮಾಂಸವಿಲ್ಲ, ಮದ್ಯವೂ ಇಲ್ಲ. ಕೊಡಗೆಂದರೆ ಬರೀ ಬಾಟಲಿ ಎನ್ನುವ ಪ್ರವಾಸಿಗರಿಗೂ ಇದೇ ಉತ್ತರ.

ನಿಜವಾಗಿ ಚುಚ್ಚುವ ಆಕ್ಷೇಪ ಬೇರೆ ಇದೆ. ವಿಸ್ಕಿ ಬಿಳಿಯರ ಪದ, ಬಿಳಿಯರ ಪದಾರ್ಥ; ಅದನ್ನು ಗುರುಕಾರೋಣರಿಗೆ, ಅಂದರೆ ಕುಲದ ಹಿರಿಯರಿಗೆ, ಮೀದಿ (ಎಡೆ) ಇಡುವುದು ಸಂಪ್ರದಾಯವಲ್ಲ, ದೊರೆಗಳು ಬಿಟ್ಟುಹೋದ ಚಟ ಎನ್ನುತ್ತಾರೆ. ಪದ ಹೊರಗಿನದು, ಒಪ್ಪಿದೆ. ಪದಾರ್ಥವೂ ಹೊರಗಿನದೇ. ಇಡುವ ಕ್ರಮ ಹೊರಗಿನದಲ್ಲ. ಐನ್‌ಮನೆಯ (ಕುಲದ ಮೂಲಮನೆಯ) ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಬಾಳೆಎಲೆ ಹಾಸಿ, ಕಡಂಬುಟ್ಟು, ಪಂದಿಕರಿ ಬಡಿಸಿ, ಪಕ್ಕಕ್ಕೆ ಒಂದು ಗ್ಲಾಸು ಇಡುತ್ತಾರೆ. ಕೊಡವರು ಹಿರಿಯರಿಗೆ ಮಾಂಸ, ಮದ್ಯ ಎಡೆ ಇಡುವುದನ್ನು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ತಮ್ಮ 1952ರ ಗ್ರಂಥದಲ್ಲೇ ದಾಖಲಿಸಿದ್ದಾರೆ. ಅದೇ ಗ್ರಂಥದಲ್ಲಿ ಅವರು ಸಂಸ್ಕೃತೀಕರಣ ಎಂದು ಕರೆದದ್ದಕ್ಕೆ, ಅಂದರೆ ಮೇಲ್ಜಾತಿಯ ಆಚಾರಗಳನ್ನು ಅನುಕರಿಸುವುದಕ್ಕೆ, ಮಾಂಸ, ಮದ್ಯ ಬಿಡುವುದೇ ಒಂದು ಗುರುತು. ಹಾಗಾಗಿ ‘ಮೂಲಕ್ಕೆ ಮರಳೋಣ’ ಎಂದು ಗ್ಲಾಸು ತೆಗೆಸುವವರು ಯಾವ ಮೂಲಕ್ಕೆ ಹೊರಟಿದ್ದಾರೆಂದು ಕೇಳಬೇಕಾಗುತ್ತದೆ. ಗ್ಲಾಸಿನೊಳಗಿನದು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಬೈನೆ ಕಳ್ಳು ಅಪರೂಪವಾಯಿತು, ಸಾರಾಯಿಯನ್ನು ಸರ್ಕಾರ 2007ರ ಜುಲೈಯಲ್ಲಿ ನಿಷೇಧಿಸಿತು, ಮನೆಗೊಬ್ಬರು ಸೈನ್ಯದಲ್ಲಿರುವ ಊರಿಗೆ ಮಿಲಿಟರಿ ಕ್ಯಾಂಟೀನಿನ ಬಾಟಲಿ ಬಂತು. ಹೊರಗಿನದೆಲ್ಲ ಬೇಡವೆಂದರೆ ಕೋವಿಯನ್ನೂ ಬಿಡಬೇಕಲ್ಲ? ಕೈಲ್‌ಪೊಳ್ದ್ ದಿನ ನಾವು ಪೂಜಿಸುವ ಕೋವಿಯೂ ಈ ಮಣ್ಣಲ್ಲಿ ಹುಟ್ಟಿದ್ದಲ್ಲ. ಆದರೂ ಅದರ ನಳಿಗೆಗೆ ಸಿಕ್ಕಿಸುವ ಹೂವಿಗೆ ತೋಕ್‌ಪೂ, ಕೋವಿ ಹೂ, ಎಂದೇ ಹೆಸರಿಟ್ಟುಕೊಂಡಿದ್ದೇವೆ. ನಮಗಿರುವ ಕೋವಿ ಲೈಸೆನ್ಸ್ ವಿನಾಯಿತಿಗೆ ಕುತ್ತು ಬಂದಾಗ ಬ್ರಿಟಿಷರ 1861ರ ಆದೇಶವನ್ನೇ ಮುಂದೆ ಹಿಡಿಯುತ್ತೇವೆ.

ಕೊನೆಗೆ ಶುದ್ಧವಾದಿಗಳು: ನೀವು ಇಡುವುದು ವಿಸ್ಕಿಯೇ ಅಲ್ಲ, ಕಾಕಂಬಿಯ ಸ್ಪಿರಿಟ್ಟಿಗೆ ಬಣ್ಣ. ಅಗ್ಗದ ಬಾಟಲಿಗಳ ಮಟ್ಟಿಗೆ ಇದು ಬಹುಪಾಲು ನಿಜ. ಯುರೋಪಿನ ಕಾನೂನು ಧಾನ್ಯ ಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಬೇಕು ಎನ್ನುತ್ತದೆ. ಆದರೆ ಈ ಷರತ್ತು ಪದದ ಹುಟ್ಟಿನಲ್ಲೇ ಇತ್ತು ಎನ್ನಬೇಡಿ. ಹಳೆಯ ಉಶ್ಕೆ ಬೆಹಾಕ್ಕೆ ಒಣದ್ರಾಕ್ಷಿ, ಜೇಷ್ಠಮಧು, ಕೇಸರಿ ಬೆರೆಸುತ್ತಿದ್ದರು. ಇಂದಿನ ಸ್ಕಾಚ್ ಕಾಯಿದೆಯ ಮುಂದೆ ಅದೂ ನಪಾಸು. ಬಾರ್ಲಿಯದೇ ಬೇಕೆನ್ನುವವರಿಗೆ ಬೆಂಗಳೂರೇ ಇದೆ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಕಟ್ಟಿದ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ನೇರ ಗ್ಲಾಸ್ಗೋಗೇ ಒಯ್ದು ಬಿಡುಗಡೆ ಮಾಡಿತು. ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 10ಕ್ಕೂ ಹೆಚ್ಚು ಆರಿಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ಸುಮಾರು ಶೇಕಡಾ 2. ಅದಕ್ಕೇ ಇಲ್ಲಿ ಹತ್ತು-ಹನ್ನೆರಡು ವರ್ಷ ಕಾಯುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ.

ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ‘ವೈ’ಗೆ ಮುಂಚೆ ‘ಇ’ ಬೇಕೋ ಬೇಡವೋ ಎಂಬ ಜಗಳವೂ ಒಂದಿದೆ. ಐರಿಷರು, ಅಮೆರಿಕನ್ನರು ಹೆಚ್ಚಾಗಿ ಹಾಕುತ್ತಾರೆ, ಸ್ಕಾಟರೂ ನಾವೂ ಹಾಕುವುದಿಲ್ಲ. ಅದನ್ನು ಅವರವರೇ ಬಗೆಹರಿಸಿಕೊಳ್ಳಲಿ.