ಆಫ್ ಮಾಡಿದ ಕಂಪ್ಯೂಟರ್ ತಾನಾಗಿಯೇ ಆನ್ ಆದರೆ ಹ್ಯಾಕ್ ಆಗಿದೆ ಎಂದರ್ಥವೇ?

"ಶಟ್‌ಡೌನ್ ಮಾಡಿದ ಮೇಲೂ ನಿಮ್ಮ ಕಂಪ್ಯೂಟರ್ ತಾನಾಗಿಯೇ ಆನ್ ಆಗುತ್ತಿದೆಯೇ? ಹಾಗಿದ್ದರೆ ಯಾರೋ ದೂರದಿಂದ ಅದನ್ನು ನಡೆಸುತ್ತಿದ್ದಾರೆ. ಕೂಡಲೇ ಫಾರ್ಮ್ಯಾಟ್ ಮಾಡಿಸಿ. ಎಲ್ಲರಿಗೂ ಶೇರ್ ಮಾಡಿ." ಇಂಥದ್ದೊಂದು ವಾಟ್ಸಾಪ್ ಮೆಸೇಜನ್ನು ಸುರಪುರದ ಓದುಗರೊಬ್ಬರು ನಮಗೆ ಕಳುಹಿಸಿ, "ಇದು ಖರೇನೇನ್ರಿ?" ಎಂದು ಕೇಳಿದ್ದರು.

ಅವರು ಕೇಳುವಷ್ಟರಲ್ಲಿ ತಡವಾಗಿತ್ತು. ಮೆಸೇಜ್ ನೋಡಿ ಹೆದರಿ, ಕಂಪ್ಯೂಟರನ್ನು ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಿಬಿಟ್ಟಿದ್ದರು. ಹೊಲದ ಪಹಣಿಯ ಸ್ಕ್ಯಾನ್ ಪ್ರತಿಗಳು, ಮನೆಯ ಮದುವೆಯ ಫೋಟೊಗಳು, ಪರೀಕ್ಷೆಗೆಂದು ಮಗಳು ಟೈಪ್ ಮಾಡಿಟ್ಟಿದ್ದ ನೋಟ್ಸ್ ಎಲ್ಲವೂ ಅಳಿಸಿಹೋದವು. ಕಂಪ್ಯೂಟರ್ ಮಾತ್ರ ಮರುದಿನ ಬೆಳಿಗ್ಗೆ ಮತ್ತೆ ತಾನಾಗಿಯೇ ಆನ್ ಆಯಿತು.

ಹಾಗಾದರೆ ದೋಷ ಎಲ್ಲಿತ್ತು? ಮೆಸೇಜ್ ಹೇಳುವುದರಲ್ಲಿ ಎಷ್ಟು ನಿಜವಿದೆ? ನೋಡೋಣ.

ಈ ಭಯ ಹುಟ್ಟಿದ್ದು ಎಲ್ಲಿಂದ?

ಈ ನಂಬಿಕೆ ಪೂರ್ತಿ ಸುಳ್ಳಿನಿಂದ ಹುಟ್ಟಿದ್ದಲ್ಲ. 2003ರ ಆಗಸ್ಟ್‌ನಲ್ಲಿ 'ಬ್ಲಾಸ್ಟರ್' ಎಂಬ ವೈರಸ್ ಮಾದರಿಯ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತ್ತು. ಅದು ಹೊಕ್ಕ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ಗಳಲ್ಲಿ ಅರವತ್ತು ಸೆಕೆಂಡ್‌ಗಳ ಎಣಿಕೆ ಕಾಣಿಸಿಕೊಂಡು, ಬಳಿಕ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತಿತ್ತು. 2004ರಲ್ಲಿ ಬಂದ 'ಸ್ಯಾಸರ್' ಕೂಡ ಹೀಗೆಯೇ ಕಾಡಿತು. 'ತಾನಾಗಿ ರೀಸ್ಟಾರ್ಟ್ ಆದರೆ ವೈರಸ್' ಎಂಬ ಮಾತಿಗೆ ಬಲ ಬಂದದ್ದು ಅಂಥ ದಿನಗಳಲ್ಲಿ.

ಆದರೆ ಅದು ಇಪ್ಪತ್ತು ವರ್ಷಕ್ಕೂ ಹಿಂದಿನ ಕಥೆ. ಇಂದು ಹಣ ಅಥವಾ ಪಾಸ್‌ವರ್ಡ್ ಕದಿಯಲು ಬರುವ ಕುತಂತ್ರಾಂಶ ಸಾಧ್ಯವಾದಷ್ಟು ಸದ್ದಿಲ್ಲದೆ ಇರಲು ನೋಡುತ್ತದೆ. ಮನೆಯವರೆಲ್ಲ ಎದ್ದು ನೋಡುವಂತೆ ಕಂಪ್ಯೂಟರ್ ಆನ್ ಮಾಡಿದರೆ ಕಳ್ಳನಿಗೇ ನಷ್ಟ.

ಆಫ್ ಎಂದರೆ ಪೂರ್ತಿ ಆಫ್ ಅಲ್ಲ

ಹಳೆಯ ಕಾಲದ ಕಂಪ್ಯೂಟರ್‌ಗಳಲ್ಲಿ ಪವರ್ ಬಟನ್ ಎಂದರೆ ಮನೆಯ ಲೈಟ್ ಸ್ವಿಚ್‌ನಂತೆ. ಒತ್ತಿದರೆ ಕರೆಂಟ್ ನೇರವಾಗಿ ಕಡಿತವಾಗುತ್ತಿತ್ತು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ವಿನ್ಯಾಸ ತಂದ ಮೇಲೆ ಇದು ಬದಲಾಯಿತು. ಈಗ ನೀವು ಶಟ್‌ಡೌನ್ ಮಾಡಿದರೂ, ಗೋಡೆಯ ಸ್ವಿಚ್ ಆನ್ ಇರುವವರೆಗೆ ಒಳಗಿನ ಎಸ್‌ಎಂಪಿಎಸ್ ಪೆಟ್ಟಿಗೆ ಮದರ್‌ಬೋರ್ಡ್‌ಗೆ 5 ವೋಲ್ಟ್‌ನ ಸಣ್ಣ ವಿದ್ಯುತ್ ಕೊಡುತ್ತಲೇ ಇರುತ್ತದೆ.

ರಿಮೋಟ್ ಒತ್ತುವುದನ್ನೇ ಕಾಯುತ್ತಿರುವ ಟಿವಿಯಂತೆ, ಕಂಪ್ಯೂಟರ್ ಕೂಡ ಒಂದು ಸೂಚನೆಗಾಗಿ ಕಾಯುತ್ತಿರುತ್ತದೆ. ಪವರ್ ಬಟನ್, ಕೀಬೋರ್ಡ್, ನೆಟ್‌ವರ್ಕ್ ಕೇಬಲ್, ಒಳಗಿನ ಗಡಿಯಾರ, ಹೋದ ಕರೆಂಟ್ ಮರಳಿ ಬರುವುದು, ಇವುಗಳಲ್ಲಿ ಯಾವುದು ಬೇಕಾದರೂ ಆ ಸೂಚನೆ ಆಗಬಹುದು. ಹೀಗಾಗಿ ಕೇಳಬೇಕಾದ ಮೊದಲ ಪ್ರಶ್ನೆ 'ಯಾರು ಆನ್ ಮಾಡಿದರು?' ಎಂಬುದಲ್ಲ, 'ಯಾವಾಗ ಆನ್ ಆಯಿತು?' ಎಂಬುದು.

1. ಕರೆಂಟ್ ಬಂದ ಕೂಡಲೇ ಆನ್ ಆಗುತ್ತದೆಯೇ?

ಯಾದಗಿರಿ, ಶಹಾಪುರ, ಸುರಪುರ ಭಾಗದವರು ಮೊದಲು ನೋಡಬೇಕಾದದ್ದು ಇದನ್ನೇ. ಬೇಸಿಗೆಯಲ್ಲಿ, ಗಾಳಿಮಳೆಯಲ್ಲಿ, ಲೈನ್ ದುರಸ್ತಿಗೆಂದು ಜೆಸ್ಕಾಂ ವಿದ್ಯುತ್ ನಿಲ್ಲಿಸಿದಾಗ ಕರೆಂಟ್ ಹೋಗಿ ಬರುವುದು ಇಲ್ಲಿ ಹೊಸದೇನಲ್ಲ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸುವ ರೂಢಿಯೂ ಹಲವು ಮನೆಗಳಲ್ಲಿದೆ.

ಕಂಪ್ಯೂಟರ್‌ನ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ತೆರೆಯುವ ಮೊದಲೇ ಕೆಲಸ ಮಾಡುವ ಮೂಲ ತಂತ್ರಾಂಶದಲ್ಲಿ, ಕರೆಂಟ್ ಮರಳಿ ಬಂದಾಗ ಏನು ಮಾಡಬೇಕು ಎಂಬ ಒಂದು ಸೆಟ್ಟಿಂಗ್ ಇರುತ್ತದೆ. ಕಂಪನಿಗೆ ತಕ್ಕಂತೆ ಅದರ ಹೆಸರು 'ಎಸಿ ಬ್ಯಾಕ್', 'ಎಸಿ ರಿಕವರಿ', 'ಆಫ್ಟರ್ ಪವರ್ ಲಾಸ್' ಅಥವಾ 'ರೀಸ್ಟೋರ್ ಎಸಿ ಪವರ್ ಲಾಸ್' ಎಂದಿರಬಹುದು. ಅದು 'ಪವರ್ ಆನ್' ಎಂದಿದ್ದರೆ, ಕರೆಂಟ್ ಬಂದ ಕ್ಷಣ ಅಥವಾ ಗೋಡೆಯ ಸ್ವಿಚ್ ಹಾಕಿದ ಕ್ಷಣ ಕಂಪ್ಯೂಟರ್ ಚಾಲೂ ಆಗುತ್ತದೆ. ಹಗಲಿರುಳು ನಡೆಯಬೇಕಾದ ಸರ್ವರ್, ಸಿಸಿಟಿವಿ ಯಂತ್ರಗಳಿಗೆ ಇದು ಬೇಕು. ಕಚೇರಿಯಲ್ಲಿ ಬಳಸಿ ಮಾರಿದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡರೆ ಈ ಸೆಟ್ಟಿಂಗ್ ಹಾಗೆಯೇ ಉಳಿದಿರುವ ಸಾಧ್ಯತೆ ಇದೆ.

ಪರಿಹಾರ: ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್ ತೆರೆಯಿರಿ (ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10). ಆ ಸೆಟ್ಟಿಂಗನ್ನು 'ಪವರ್ ಆಫ್' ಎಂದು ಬದಲಿಸಿ ಸೇವ್ ಮಾಡಿ. ಉಳಿದದ್ದನ್ನು ಮುಟ್ಟಬೇಡಿ. ಬದಲಿಸಿದ್ದು ಮರುದಿನ ಮತ್ತೆ ಹಳೆಯಂತಾದರೆ, ಗಡಿಯಾರವೂ ತಪ್ಪು ತೋರಿಸುತ್ತಿದ್ದರೆ, ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಮುಗಿದಿರಬಹುದು. ಅದನ್ನು ಬದಲಿಸುವುದು ಸಣ್ಣ ಕೆಲಸ.

2. ಶಟ್‌ಡೌನ್ ಮಾಡಿದ ಕೆಲವೇ ಸೆಕೆಂಡ್‌ಗಳಲ್ಲಿ ಆನ್ ಆಗುತ್ತದೆಯೇ?

ಹಾಗಿದ್ದರೆ ಕಾರಣ ಬಹುಮಟ್ಟಿಗೆ ವಿಂಡೋಸ್‌ನೊಳಗೇ ಇರುತ್ತದೆ. ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯವಿದೆ. ಇದು ಆನ್ ಇದ್ದಾಗ ಶಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಮರುದಿನ ಬೇಗ ತೆರೆಯಲೆಂದು ತನ್ನ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿಡುತ್ತದೆ. ಆ ಹೊತ್ತಿನಲ್ಲಿ ಯಾವುದಾದರೂ ಡ್ರೈವರ್ ಎಡವಿದರೆ ವಿಂಡೋಸ್ ಕುಸಿಯುತ್ತದೆ. ಕುಸಿದಾಗ ತಾನಾಗಿ ರೀಸ್ಟಾರ್ಟ್ ಆಗುವಂತೆ ಅದನ್ನು ಮೊದಲೇ ಹೊಂದಿಸಿರುತ್ತಾರೆ. ನಮ್ಮ ಕಣ್ಣಿಗೆ ಕಾಣುವುದು ಇಷ್ಟೇ: ಆಫ್ ಮಾಡಿದೆವು, ಆನ್ ಆಯಿತು.

ಪರೀಕ್ಷೆ ಸುಲಭ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಆಗ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ಹಾಗೆ ಮಾಡಿದಾಗ ಮಾತ್ರ ಆಫ್ ಆಗಿಯೇ ಉಳಿದರೆ ತಪ್ಪು ಫಾಸ್ಟ್ ಸ್ಟಾರ್ಟಪ್ ಕಡೆಗಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್‌ಗಳ ಸೆಟ್ಟಿಂಗ್‌ನಲ್ಲಿ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಎದುರಿನ ಟಿಕ್ ತೆಗೆಯಿರಿ.

ಆದರೂ ಸರಿಹೋಗದಿದ್ದರೆ, ಸರ್ಚ್‌ನಲ್ಲಿ 'ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಎಂದು ಹುಡುಕಿ ತೆರೆಯಿರಿ. ಅಲ್ಲಿ 'ಸ್ಟಾರ್ಟಪ್ ಆ್ಯಂಡ್ ರಿಕವರಿ'ಯಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ. ಮುಂದಿನ ಸಲ ವಿಂಡೋಸ್ ಕುಸಿದರೆ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಕಪ್ಪು ಪರದೆ) ಹಾಗೆಯೇ ನಿಲ್ಲುತ್ತದೆ. ಅದರ ಮೇಲಿನ ಕೋಡ್‌ನ ಫೋಟೊ ತೆಗೆದುಕೊಳ್ಳಿ. ರಿಪೇರಿಯವರಿಗೆ ಅದು ದೊಡ್ಡ ಸುಳಿವು.

ಕೆಲವೊಮ್ಮೆ ತಪ್ಪು ಕಂಪನಿಯದ್ದೇ ಆಗಿರುತ್ತದೆ. 'ಅಪ್‌ಡೇಟ್ ಆ್ಯಂಡ್ ಶಟ್‌ಡೌನ್' ಒತ್ತಿದರೂ ಕಂಪ್ಯೂಟರ್ ಆಫ್ ಆಗದೇ ಇರುವ ದೋಷ ವಿಂಡೋಸ್ 11ರಲ್ಲಿ ಇತ್ತು. ಅದನ್ನು ಸರಿಪಡಿಸಿದ್ದಾಗಿ ಮೈಕ್ರೋಸಾಫ್ಟ್ ತಿಳಿಸಿದ್ದು 2025ರ ಅಕ್ಟೋಬರ್ ಕೊನೆಯಲ್ಲಿ ಬಿಡುಗಡೆ ಮಾಡಿದ ಅಪ್‌ಡೇಟ್‌ನಲ್ಲಿ. ಹೀಗಾಗಿ ಅಪ್‌ಡೇಟ್‌ಗಳನ್ನು ನಿಲ್ಲಿಸಬೇಡಿ, ಪೂರ್ತಿ ಹಾಕಿಕೊಳ್ಳಿ.

3. ಹೊತ್ತು ಗೊತ್ತಿಲ್ಲದೆ ಆನ್ ಆಗುತ್ತದೆಯೇ?

ಕರೆಂಟ್ ಹೋಗಿಲ್ಲ, ಯಾರೂ ಮುಟ್ಟಿಲ್ಲ, ಆದರೂ ನಡುರಾತ್ರಿ ಆನ್ ಆಗಿದೆ ಎನ್ನುವುದಾದರೆ ಮೊದಲು ಕೇಬಲ್‌ಗಳಿಂದ ಶುರು ಮಾಡಿ. ಒಂದು ರಾತ್ರಿ ನೆಟ್‌ವರ್ಕ್ ಕೇಬಲ್ ತೆಗೆದಿಡಿ. ಮತ್ತೊಂದು ರಾತ್ರಿ ಕೀಬೋರ್ಡ್, ಮೌಸ್ ತೆಗೆದಿಡಿ. ಯಾವ ರಾತ್ರಿ ಆನ್ ಆಗಲಿಲ್ಲವೋ ಅಂದು ತೆಗೆದಿಟ್ಟದ್ದರ ಕಡೆಯಿಂದಲೇ ಸೂಚನೆ ಬರುತ್ತಿದೆ ಎಂದರ್ಥ. ಪ್ರತಿದಿನ ಒಂದೇ ಹೊತ್ತಿಗೆ ಆನ್ ಆಗುತ್ತಿದ್ದರೆ ಬಯೋಸ್‌ನಲ್ಲಿ ಅಲಾರಂ ಇಟ್ಟಿರಬಹುದು.

ನೆಟ್‌ವರ್ಕ್ ಮೂಲಕ ಆನ್ ಮಾಡುವ 'ವೇಕ್ ಆನ್ ಲ್ಯಾನ್' ಎಂಬ ಸೌಲಭ್ಯ ಇರುವುದು ನಿಜ. ಆದರೆ ಆ ಸೂಚನೆ ಸಾಮಾನ್ಯವಾಗಿ ಮನೆಯ ಅಥವಾ ಕಚೇರಿಯ ಒಳಗಿನ ನೆಟ್‌ವರ್ಕ್‌ನಿಂದಲೇ ಬರಬೇಕು. ಆನ್ ಮಾಡಿದ ಮಾತ್ರಕ್ಕೆ ಒಳಗಿನ ಫೈಲ್‌ಗಳು ಯಾರಿಗೂ ಸಿಗುವುದಿಲ್ಲ. ಬೇಡವಾದರೆ ಇದನ್ನೂ ಬಯೋಸ್‌ನಲ್ಲಿ ಆಫ್ ಮಾಡಬಹುದು.

ಇದ್ಯಾವುದೂ ಅಲ್ಲವಾದರೆ ಧೂಳು ತುಂಬಿ ಅಂಟಿಕೊಂಡ ಪವರ್ ಬಟನ್ ಅಥವಾ ಕೆಟ್ಟ ಎಸ್‌ಎಂಪಿಎಸ್ ಕಾರಣವಿರಬಹುದು. ಇದು ರಿಪೇರಿಯವರ ಕೆಲಸ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಫಾರ್ಮ್ಯಾಟ್ ಏಕೆ ಪರಿಹಾರವಲ್ಲ?

ಈಗ ಸುರಪುರದ ಓದುಗರ ಕಂಪ್ಯೂಟರ್‌ಗೆ ಬರೋಣ. ಯಾವಾಗ ಆನ್ ಆಗುತ್ತದೆ ಎಂದು ನಾವು ಕೇಳಿದಾಗ ಅವರು ಸ್ವಲ್ಪ ಯೋಚಿಸಿ ಹೇಳಿದ್ದು: "ಮುಂಜಾನೆ ಬೋರ್ಡಿನ ಸ್ವಿಚ್ ಹಾಕಿದ ಕೂಡ್ಲೇ ಚಾಲೂ ಆಗ್ತದ್ರಿ." ಅದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದ ಮೇಲೆ ತೊಂದರೆ ನಿಂತಿತು.

ಫಾರ್ಮ್ಯಾಟ್ ಅಳಿಸುವುದು ಡಿಸ್ಕ್‌ನಲ್ಲಿರುವುದನ್ನು ಮಾತ್ರ. ಬಯೋಸ್ ಸೆಟ್ಟಿಂಗ್ ಇರುವುದು ಮದರ್‌ಬೋರ್ಡ್‌ನ ಚಿಪ್‌ನಲ್ಲಿ. ಅದಕ್ಕೇ ಫೋಟೊಗಳು ಹೋದವು, ದೋಷ ಉಳಿಯಿತು. ಅಂಗಡಿಗೆ ಒಯ್ಯಲೇಬೇಕಾದರೆ ಮೊದಲು ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಸ್ಪಷ್ಟವಾಗಿ ಹೇಳಿ.

ನಿಜವಾದ ಅಪಾಯ ಯಾವುದು?

ಹೆದರಿಸುವ ಮೆಸೇಜ್‌ಗಳ ಕೊನೆಯಲ್ಲಿ ಕೆಲವೊಮ್ಮೆ ಒಂದು 'ಹೆಲ್ಪ್‌ಲೈನ್' ನಂಬರ್ ಇರುತ್ತದೆ. ಕಂಪ್ಯೂಟರ್ ಪರದೆಯ ಮೇಲೂ ಇಂಥ ಎಚ್ಚರಿಕೆಗಳು ಕಾಣಿಸುತ್ತವೆ. ಕರೆ ಮಾಡಿದರೆ, ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿಕೊಂಡು ಬ್ಯಾಂಕ್ ವಿವರ ಕದಿಯುತ್ತಾರೆ. ಆಗದ ಹ್ಯಾಕ್‌ಗೆ ಹೆದರಿ ನಾವೇ ಬಾಗಿಲು ತೆರೆದುಕೊಟ್ಟಂತೆ! ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಎಂದೂ ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಇಂಥ ವಂಚನೆಯಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಾಗಂತ ವೈರಸ್ ಬರುವುದೇ ಇಲ್ಲ ಎಂದಲ್ಲ. ನೀವು ಹಾಕದ ಪ್ರೋಗ್ರಾಂಗಳು ಕಾಣಿಸಿದರೆ, ಆಂಟಿವೈರಸ್ ತಾನಾಗಿ ಆಫ್ ಆಗಿದ್ದರೆ, ಫೈಲ್‌ಗಳು ತೆರೆಯದೆ ಹೆಸರು ಬದಲಾಗಿದ್ದರೆ ಅನುಮಾನಿಸಿ. ವಿಂಡೋಸ್ ಸೆಕ್ಯುರಿಟಿಯಲ್ಲೇ ಇರುವ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಉಚಿತ. ಅದನ್ನು ಓಡಿಸಿ ನೋಡಿ.

ಕೊನೆಯದಾಗಿ

ಆಫ್ ಮಾಡಿದ ಕಂಪ್ಯೂಟರ್ ತಾನಾಗಿಯೇ ಆನ್ ಆಗುವುದೊಂದೇ ಹ್ಯಾಕ್ ಆಗಿದೆ ಎನ್ನಲು ಪುರಾವೆಯಲ್ಲ. ಅದು ಆನ್ ಆದ ಹೊತ್ತನ್ನು ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ. ಆಗ ಕರೆಂಟ್ ಹೋಗಿತ್ತೇ, ಅಪ್‌ಡೇಟ್ ಬಂದಿತ್ತೇ ಎಂಬುದನ್ನೂ ಬರೆಯಿರಿ. ಕಾರಣ ಹೆಚ್ಚಾಗಿ ಆ ಹಾಳೆಯಲ್ಲೇ ಸಿಗುತ್ತದೆ. ಮುಂದಿನ ಸಲ ಇಂಥ ಮೆಸೇಜ್ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು, ಕಳುಹಿಸಿದವರನ್ನು ಒಂದೇ ಪ್ರಶ್ನೆ ಕೇಳಿ: "ಯಾವಾಗ ಆನ್ ಆಗ್ತದ್ರಿ?"