ಹಾಡ್ತಾ ಹಾಡ್ತಾ ರಾಗ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಆಂಧ್ರದ ಗಡಿಗೆ ಅಂಟಿಕೊಂಡಿವೆ. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಒಂದನೇ ತರಗತಿಗೆ ಬಂದ ಮಗು "ಟೀಚರ್, ನೀಳ್ಳು" ಎಂದು ಕೈಯೆತ್ತುತ್ತದೆ. ದೀಪಾವಳಿ ಹೊತ್ತಿಗೆ ಅದೇ ಮಗು ಕುಂಟೆಬಿಲ್ಲೆ ಆಡುತ್ತಾ "ನೀನು ಔಟು, ಸುಳ್ಳು ಹೇಳ್ಬೇಡ" ಎಂದು ಕನ್ನಡದಲ್ಲೇ ಜಗಳಕ್ಕೆ ನಿಂತಿರುತ್ತದೆ. ಅದಕ್ಕೆ ವ್ಯಾಕರಣ ಹೇಳಿಕೊಟ್ಟವರು ಯಾರು? ಯಾರೂ ಇಲ್ಲ. ಜಗಳ ಗೆಲ್ಲಬೇಕಿತ್ತು, ಮಾತು ಬಂತು.

ಇದೇ ಮಗುವಿಗೆ ಹತ್ತು ವರ್ಷ ಓದಿದರೂ ಇಂಗ್ಲಿಷ್ ಮಾತ್ರ ನಾಲಿಗೆಗೆ ಹತ್ತುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೆ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪತ್ರಿಕೆಯ 80 ಅಂಕವೂ ಬರವಣಿಗೆಗೇ. ಹಾಗಾಗಿ ಮಕ್ಕಳು ಬರೆಯುತ್ತಾರೆ, ಬಾಯಿಪಾಠ ಮಾಡುತ್ತಾರೆ, ಮಾತಾಡುವುದಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಗದ್ದಲವಿಲ್ಲದ ತರಗತಿಯೇ ಒಳ್ಳೆಯ ತರಗತಿ ಎಂದು ನಂಬಿ ವರ್ಷಗಟ್ಟಲೆ "ಸೈಲೆನ್ಸ್!" ಎಂದು ಮೇಜು ಕುಟ್ಟಿದವಳು ನಾನು. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ತೆಗೆದಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಕೆಲಸದ ಸಂದರ್ಶನ ಮುಗಿಸಿ ಬಂದು ಅತ್ತಳು. "ಕೇಳಿದ್ದೆಲ್ಲ ಅರ್ಥವಾಯ್ತು ಟೀಚರ್, ಬಾಯೇ ಬರಲಿಲ್ಲ." ಆ ಬಾಯಿಗೆ ಬೀಗ ಹಾಕಿದವರಲ್ಲಿ ನಾನೂ ಒಬ್ಬಳು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದರು. ಕೇಳಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು, ಆಡುವುದರಲ್ಲಿ ಮಾತ್ರ ಹಿಂದೆ. ಕೇಳಿದರೆ ಸಾಲದು, ಆಡಲೂಬೇಕು ಎಂದು ಅಲ್ಲಿನ ವಿದ್ವಾಂಸೆ ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದರು. ನಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರಿಗೆ ಇದು ಹೊಸದೇನಲ್ಲ. ಅವರು ಪುಸ್ತಕ ಓದಿ ಲಾಳಿ ಹಿಡಿದವರಲ್ಲ. ಎಳೆ ಹರಿದರೆ ಗಂಟು ಹಾಕಿ ಮುಂದೆ ನೇಯ್ದರು, ಕೈ ಪಳಗಿತು.

"ತಪ್ಪು ಇಂಗ್ಲಿಷೇ ರೂಢಿಯಾದರೆ?" ಎನ್ನುವವರಿದ್ದಾರೆ. ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ, ನಡುವೆ ಬಾಯಿ ಹಾಕಬೇಡಿ, ನಗಬೇಡಿ. ಮಗು "ಎಸ್ಟರ್‌ಡೇ ಐ ಗೋ ಚಳ್ಳಕೆರೆ" ಎಂದರೆ ಪೂರ್ತಿ ಹೇಳಲು ಬಿಟ್ಟು, "ಓ, ಯೂ ವೆಂಟ್ ಟು ಚಳ್ಳಕೆರೆ?" ಎಂದು ಸರಿಯಾಗಿ ಆಡಿ ತೋರಿಸಿ, ಸಾಕು.

ತಾಯಂದಿರೇ, ಎಷ್ಟು ಪುಟ ಬರೆದೆ ಎಂದು ದಿನಾ ಮಗುವನ್ನು ಕೇಳುತ್ತೀರಿ. ಇವತ್ತು ಎಷ್ಟು ಮಾತಾಡಿದೆ ಎಂದು ಒಮ್ಮೆಯಾದರೂ ಕೇಳಿದ್ದೀರಾ? ನಿಮಗೆ ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ, ರೊಟ್ಟಿ ತಟ್ಟುತ್ತಲೇ ಅದರ ಮಾತಿಗೆ ಕಿವಿಗೊಡಿ. ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹಾಡುವ ಮೊದಲೇ ಬಾಯಿ ಮುಚ್ಚಿಸಿದರೆ ರಾಗ ಎಲ್ಲಿಂದ ಬರಬೇಕು?