ಪ್ರಾಜೆಕ್ಟ್ ಕೊಳ್ಳುವ ಮುನ್ನ ತಾರಸಿ ಹತ್ತಿ

ಎಂಜಿನಿಯರಿಂಗ್ ಕೊನೆಯ ವರ್ಷ ನಮ್ಮ ನಾಲ್ವರ ತಂಡ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಂಡಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ ಎಂಬುದೇ ಸಮಾಧಾನ. ಅಂಗಡಿಯವರೇ ರಿಪೋರ್ಟ್ ಬೈಂಡ್ ಮಾಡಿಸಿ, ವೈವಾದಲ್ಲಿ ಏನು ಹೇಳಬೇಕೆಂದೂ ಕಲಿಸಿದರು. ಅಂಕ ಬಂತು. ಆದರೆ ಮೊದಲ ಸಂದರ್ಶನದಲ್ಲಿ ‘ಡಾಪ್ಲರ್ ಶಿಫ್ಟ್ ಎಲ್ಲಾದರೂ ನೋಡಿದ್ದೀರಾ?’ ಎಂದು ಕೇಳಿದಾಗ ಸೂತ್ರ ಒಪ್ಪಿಸಿದೆ. ‘ನೋಡಿದ್ದೀರಾ ಅಂತ ಕೇಳಿದ್ದು’ ಎಂದರು. ಕೆಲಸ ಸಿಗಲಿಲ್ಲ.

ಅದನ್ನು ನಿಜವಾಗಿ ನೋಡಿದ್ದು ಆಮೇಲೆ, ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ. ತೋರಿಸಿದ್ದು ಆಸ್ಕರ್-7 ಎಂಬ ಪುಟ್ಟ ಸಂವಹನ ಉಪಗ್ರಹ. ಹವ್ಯಾಸಿ ರೇಡಿಯೊದವರಿಗಾಗಿ 1974ರ ನವೆಂಬರ್ 15ರಂದು ಅಮೆರಿಕದಿಂದ ಹಾರಿದ್ದು. ತೂಕ ಸುಮಾರು 29 ಕೆ.ಜಿ., ಒಂದು ಸಿಮೆಂಟ್ ಚೀಲಕ್ಕಿಂತ ಕಡಿಮೆ. 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸುಮ್ಮನಾಯಿತು. ಅದರ ಕಥೆ ಮುಗಿಯಿತೆಂದುಕೊಂಡಿದ್ದಾಗ, 2002ರ ಜೂನ್‌ನಲ್ಲಿ ಇಂಗ್ಲೆಂಡಿನ ಹವ್ಯಾಸಿಯೊಬ್ಬರಿಗೆ ಮತ್ತೆ ಅದರ ಸದ್ದು ಕೇಳಿಸಿತು! ಕೆಟ್ಟ ಬ್ಯಾಟರಿಯ ಸಂಪರ್ಕ ತಾನಾಗಿಯೇ ಕಡಿದುಹೋಗಿರಬೇಕು. ಅಂದಿನಿಂದ ಅದು ಸೌರಫಲಕದ ಬಲದಲ್ಲೇ ಬದುಕಿದೆ. ಬಿಸಿಲಿದ್ದರೆ ಎಚ್ಚರ, ಭೂಮಿಯ ನೆರಳಿಗೆ ಬಂದರೆ ನಿದ್ದೆ.

ಇದರ ಜಾಡು ಹಿಡಿಯಲು ದೊಡ್ಡ ಡಿಶ್ ಬೇಕಿಲ್ಲ. ಕಕ್ಷೆಯ ವಿವರ ಟಿಎಲ್‌ಇ ಎಂಬ ಎರಡು ಸಾಲಿನ ಅಂಕಿಗಳಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ‘ಜಿಪ್ರೆಡಿಕ್ಟ್’ ತಂತ್ರಾಂಶಕ್ಕೆ ಹಾಕಿ, ನಮ್ಮೂರಿನ ಅಕ್ಷಾಂಶ-ರೇಖಾಂಶ ಕೊಟ್ಟರೆ, ಎಷ್ಟು ಗಂಟೆಗೆ ಯಾವ ದಿಕ್ಕಿನಲ್ಲಿ ಉಪಗ್ರಹ ಏಳುತ್ತದೆಂದು ಹೇಳುತ್ತದೆ. ಮರದ ಪಟ್ಟಿಗೆ ಅಲ್ಯೂಮಿನಿಯಂ ಕಡ್ಡಿ ಜೋಡಿಸಿ ಆಂಟೆನಾ ಮಾಡಿಕೊಂಡೆ. ಲ್ಯಾಪ್‌ಟಾಪಿಗೆ ಚುಚ್ಚುವ ಎಸ್‌ಡಿಆರ್ ಡಾಂಗಲ್ ಒಂದೇ ಖರ್ಚಿನ ಬಾಬತ್ತು.

ಮೊದಲ ಒಂದು ವಾರ ಬರೀ ಗೊರಗೊರ. ಬಟ್ಟೆ ಒಣಗಿಸುವ ಜಾಗದಲ್ಲಿ ಕಡ್ಡಿ ಹಿಡಿದು ಆಕಾಶ ನೋಡುತ್ತಿದ್ದ ಮಗನ ಬಗ್ಗೆ ಅಮ್ಮನಿಗೆ ನಿಜಕ್ಕೂ ಚಿಂತೆಯಾಗಿತ್ತು. ತಪ್ಪು ನನ್ನದೇ. ಈ ಉಪಗ್ರಹಕ್ಕೆ ಎರಡು ಮೋಡ್‌ಗಳಿವೆ. ಒಂದರಲ್ಲಿ 145 ಮೆಗಾಹರ್ಟ್ಸ್ ಬಳಿ, ಇನ್ನೊಂದರಲ್ಲಿ 29ರ ಬಳಿ ಸದ್ದು ಕಳಿಸುತ್ತದೆ. ನನ್ನ ಆಂಟೆನಾ 145ಕ್ಕೆ ಮಾತ್ರ. ಅದು ಗೊತ್ತಾದ ಮೇಲೆ ಒಂದು ಸಂಜೆ ಕ್ಷೀಣವಾಗಿ ಕೇಳಿಸಿತು: ನಾಲ್ಕು ಚುಕ್ಕಿ, ಎರಡು ಚುಕ್ಕಿ. ಮೋರ್ಸ್‌ನಲ್ಲಿ ‘ಹಾಯ್’. ಆಮೇಲೆ ಅಂಕಿಗಳ ಸಾಲು. ಏಳುವಾಗ ಮೂಲ ತರಂಗಾಂತರಕ್ಕಿಂತ ಸುಮಾರು ಮೂರು ಕಿಲೋಹರ್ಟ್ಸ್ ಮೇಲಿದ್ದ ಸದ್ದು, ತಲೆಯ ಮೇಲೆ ದಾಟುವಾಗ ಸರಸರ ಜಾರಿ, ಮುಳುಗುವಾಗ ಅಷ್ಟೇ ಕೆಳಗೆ ಹೋಯಿತು. ಪರದೆಯ ಮೇಲೆ ಬಾಗಿದ ಗೆರೆ. ಡಾಪ್ಲರ್!

ಸಂವಹನ ಲ್ಯಾಬ್‌ಗೆ ಇದನ್ನೇಕೆ ಸೇರಿಸಬಾರದು? ‘ಇದರಿಂದ ಕೆಲಸ ಸಿಗುತ್ತದಾ?’ ಎಂದರೆ ಖಾತ್ರಿ ಕೊಡಲಾರೆ. ಆದರೆ ಏಕೆ ಕೇಳಿಸಲಿಲ್ಲ, ಹೇಗೆ ಸರಿಪಡಿಸಿದೆ ಎಂದು ಹೇಳಲು ನನ್ನ ಬಳಿ ಈಗ ಏನಾದರೂ ಇದೆ. 2005ರಲ್ಲಿ ಇಸ್ರೊ ಹಾರಿಸಿದ ಹ್ಯಾಮ್‌ಸ್ಯಾಟ್‌ನ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ರೂಪಿಸಿದ್ದು ನೆದರ್ಲೆಂಡ್ಸ್‌ನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. ಅವನೂ ಇಂಥ ಹವ್ಯಾಸಿಯೇ.

ಉಪಗ್ರಹದ ಮೂಲಕ ಮಾತನಾಡಲು ಹ್ಯಾಮ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು, ಓದುತ್ತಿದ್ದೇನೆ. ತಮ್ಮ ಈಗ ಕೊನೆಯ ವರ್ಷದಲ್ಲಿದ್ದಾನೆ. ಅವನ ತಂಡವೂ ಅದೇ ಅಂಗಡಿಯಲ್ಲಿ ರೇಟು ವಿಚಾರಿಸಿ ಬಂದಿದೆಯಂತೆ. ಆಂಟೆನಾ ಅಟ್ಟದ ಮೇಲಿದೆ, ತಗೊಂಡು ಹೋಗು ಎಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.